ಕಲ್ಯಾಣದ ಆರು ಸಂಪುಟಗಳು

(ತುಮಕೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ದತ್ತಿ ಉಪನ್ಯಾಸವೆಂಬ ಈ ಸಂಪ್ರದಾಯದಲ್ಲಿ ನನಗೆ ಮೆಚ್ಚುಗೆಯಾದ ಒಂದು ವೈಚಿತ್ರ್ಯವುಂಟು. ತಂದೆಯದೋ ತಾಯಿಯದೋ ಗುರುವಿನದೋ ಹೆಸರು ಊರಿನ ನೆನಪಿನಲ್ಲಿ ನಿಲ್ಲಲೆಂದು ಗೃಹಸ್ಥರೊಬ್ಬರು ತಮ್ಮ ಗಳಿಕೆಯ ಒಂದಂಶವನ್ನು ಠೇವಣಿಯಾಗಿಡುತ್ತಾರೆ. ಅದರ ಬಡ್ಡಿಯಿಂದ ವರ್ಷಕ್ಕೊಮ್ಮೆ ಸಭೆ ಸೇರುತ್ತದೆ. ಸಭೆಗೆ ಬಂದ ಉಪನ್ಯಾಸಕನಾದರೋ ದತ್ತಿಯಿಟ್ಟವರಿಗೆ ಎರಡು ಮಾತಿನ ಕೃತಜ್ಞತೆಯನ್ನು ಸಲ್ಲಿಸಿ, ಉಳಿದ ಹೊತ್ತನ್ನೆಲ್ಲ ಅವರು ಬಹುಶಃ ಕಂಡೂ ಇರದ ಇನ್ನಾರದೋ ಹೆಸರನ್ನು ಎತ್ತಿಹಿಡಿಯುವುದರಲ್ಲಿ ಕಳೆಯುತ್ತಾನೆ. ಸ್ಮರಣೆಗೆಂದು ಇಟ್ಟ ಹಣವು ಪರರ ಸ್ಮರಣೆಗೆ ವಿನಿಯೋಗವಾಗುವ ಈ ಪದ್ಧತಿಯನ್ನು ದಾನಿಗಳಾದ ಹಿರಿಯರು ಆಕ್ಷೇಪಿಸಲಾರರೆಂದು ನಂಬಿ, ನಾನೂ ಅದೇ ದಾರಿಯನ್ನು ಹಿಡಿಯುತ್ತೇನೆ.

ಇಂದು ನಾನು ಮಾತನಾಡಬೇಕೆಂದಿರುವುದು ಒಂದು ಕಾದಂಬರಿಯನ್ನು ಕುರಿತು. ಒಂದು ಎಂದೆನಾದರೂ ಅದು ಆರು ಸಂಪುಟಗಳಲ್ಲಿ ಹಬ್ಬಿಕೊಂಡಿರುವ ಒಂದು: ‘ಉದಯರವಿ’, ‘ರಾಜ್ಯಪಾಲ’, ‘ಕಲ್ಯಾಣೇಶ್ವರ’, ‘ನಾಗಬಂಧ’, ‘ಮುಗಿಯದ ಕನಸು’, ‘ಕ್ರಾಂತಿ ಕಲ್ಯಾಣ’. ಬರೆದವರು ಬಿ. ಪುಟ್ಟಸ್ವಾಮಯ್ಯನವರು, 1897ರಲ್ಲಿ ಹುಟ್ಟಿ 1984ರಲ್ಲಿ ತೀರಿಕೊಂಡ ದೀರ್ಘಾಯುಷಿಗಳು, ನಾಟಕಕಾರರು, ಪತ್ರಕರ್ತರು, ಕಾದಂಬರಿಕಾರರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಸಿಂಹಾಸನವೂ ಬಸವಣ್ಣನವರ ಮಹಾಮನೆಯೂ ಒಂದೇ ಪಟ್ಟಣದ ಗೋಡೆಗಳೊಳಗೆ ಹತ್ತಾರು ವರ್ಷ ಜೊತೆಜೊತೆಯಾಗಿ ಇದ್ದು, ಕೊನೆಗೆ ಒಂದನ್ನೊಂದು ಸಹಿಸಲಾರದೆ ಎರಡೂ ಚೆದರಿಹೋದ ಕಥೆ ಅದರ ವಸ್ತು. ಮಾಲೆಯ ಕೊನೆಯ ಸಂಪುಟವಾದ ‘ಕ್ರಾಂತಿ ಕಲ್ಯಾಣ’ಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಈಗಲೂ ಪ್ರಶಸ್ತಿಗಳ ಪಟ್ಟಿಯಲ್ಲಿ ಆ ಹೆಸರು ಅಚ್ಚಾಗುತ್ತಲೇ ಇದೆ; ಪಟ್ಟಿಯನ್ನು ಕಂಠಪಾಠ ಮಾಡಿದ ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳಿಗೆ ಲೇಖಕರ ಹೆಸರೂ ವರ್ಷವೂ ಗೊತ್ತು; ಪುಸ್ತಕದೊಳಗೆ ಏನಿದೆಯೆಂದು ಕೇಳಿದರೆ ಮಾತ್ರ ಸಭೆ ಮೌನವಾಗುತ್ತದೆ.

ಬೆಂಗಳೂರಿನ ಲೇಖಕರೊಬ್ಬರು ಕಲ್ಯಾಣವನ್ನು ಕುರಿತು ಬರೆದ ಕಾದಂಬರಿಗೂ ತುಮಕೂರಿನ ಈ ವೇದಿಕೆಗೂ ಏನು ಸಂಬಂಧವೆಂದು ತಾವು ಕೇಳಬಹುದು. ಆ ಸಂಬಂಧವು ಇಲ್ಲಿಂದ ಇಪ್ಪತ್ತು ಕಿಲೋಮೀಟರು ದೂರದ ಗುಬ್ಬಿಯಲ್ಲಿದೆ. 1884ರಲ್ಲಿ, ಆ ಊರಿನ ಚಂದಣ್ಣನವರೂ ಅವರ ಮಿತ್ರರೂ ಕೂಡಿ, ಗದ್ದುಗೆಯ ಗೋಸಲ ಚನ್ನಬಸವೇಶ್ವರಸ್ವಾಮಿಯ ಹೆಸರಿನಲ್ಲಿ ಒಂದು ನಾಟಕ ಮಂಡಳಿಯನ್ನು ಕಟ್ಟಿದರು. ಜಾತ್ರೆಯ ಬಯಲಿನ ಆ ಮಂಡಳಿ ಬಾಲನಟನಾಗಿ ಸೇರಿದ ವೀರಣ್ಣನವರ ಕೈಯಲ್ಲಿ ಬೆಳೆದು, ದಕ್ಷಿಣ ಭಾರತದ ಊರೂರುಗಳಲ್ಲಿ ಡೇರೆ ಹಾಕಿದ ಗುಬ್ಬಿ ಕಂಪನಿಯಾಯಿತು. ಅದರ ವೈಭವದ ಕಥೆ ತಮ್ಮೆಲ್ಲರಿಗೂ ತಿಳಿದದ್ದು. ತುಮಕೂರಿನ ಕಲಾಕ್ಷೇತ್ರಕ್ಕೆ ವೀರಣ್ಣನವರ ಹೆಸರಿದೆ, ಸರಕಾರದ ರಂಗಪ್ರಶಸ್ತಿಗೂ ಅವರದೇ ಹೆಸರು. ಮಾಲೀಕರನ್ನೂ ನಟರನ್ನೂ ಹೀಗೆ ಸ್ಮರಿಸುವ ನಾವು, ಆ ನಟರು ಆಡಿದ ಮಾತುಗಳನ್ನು ರಾತ್ರಿಯೆಲ್ಲ ದೀಪದ ಮುಂದೆ ಕುಳಿತು ಬರೆದುಕೊಟ್ಟವರನ್ನು ಅಷ್ಟಾಗಿ ಸ್ಮರಿಸುವುದಿಲ್ಲ. ಕಂಪನಿ ನಾಟಕದ ಕವಿಗೆ ಜಾಹೀರಾತಿನ ಕಾಗದದಲ್ಲಿ ಸಣ್ಣ ಅಕ್ಷರ ಸಿಕ್ಕುತ್ತಿತ್ತು. ಆನೆಗೆ ದೊಡ್ಡ ಅಕ್ಷರ!

ಆನೆಯ ಮಾತು ಸುಮ್ಮನೆ ಬಂದದ್ದಲ್ಲ. 1934ರಲ್ಲಿ ಗುಬ್ಬಿ ಕಂಪನಿಯವರು ಬಯಲು ರಂಗದ ಮೇಲೆ ನಿಜವಾದ ಆನೆಗಳನ್ನೂ ಕುದುರೆಗಳನ್ನೂ ರಥಗಳನ್ನೂ ತಂದು ಆಡಿದ ‘ಕುರುಕ್ಷೇತ್ರ’ವು ಪುಟ್ಟಸ್ವಾಮಯ್ಯನವರ ರಚನೆ. ಅದೇ ವರ್ಷದಲ್ಲಿ ಇದೇ ತುಮಕೂರು ತಾಲ್ಲೂಕಿನ ಬೆಳ್ಳಾವೆಯ ನರಹರಿಶಾಸ್ತ್ರಿಗಳು, ‘ಸದಾರಮೆ’ಯಂಥ ನಾಟಕಗಳಿಂದ ಕಂಪನಿಗಳ ಭಾಗ್ಯವಾಗಿದ್ದವರು, ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಮಾತು ಬರೆದರೆಂಬುದನ್ನು ನೆನೆದರೆ, ಈ ಸೀಮೆಯ ರಂಗಭೂಮಿಗೆ ಆ ವರ್ಷವೆಷ್ಟು ಫಲವತ್ತಾದುದೆಂಬುದು ಹೊಳೆಯುತ್ತದೆ. ಪುಟ್ಟಸ್ವಾಮಯ್ಯನವರು ಕಂಪನಿಗೆ ‘ಅಕ್ಕಮಹಾದೇವಿ’ಯನ್ನೂ ಬರೆದುಕೊಟ್ಟರು. ಕಲ್ಯಾಣದ ಪ್ರಪಂಚವನ್ನು ಅವರು ಮೊದಲು ಪ್ರವೇಶಿಸಿದ್ದು ನಾಟಕದ ಬಾಗಿಲಿನಿಂದ. ಟಿಕೆಟ್ಟು ಕೊಂಡು ಬಂದ ಸಾವಿರಾರು ಮಂದಿಯ ಮುಂದೆ, ಹಿಂದಿನ ಸಾಲಿನ ನಾಲ್ಕಾಣೆಯ ಪ್ರೇಕ್ಷಕನಿಗೂ ಕೇಳುವಂತೆ, ಶರಣರ ಕಥೆಯನ್ನು ಹೇಗೆ ಹೇಳಬೇಕೆಂಬ ಶಿಕ್ಷಣ ಅವರಿಗೆ ಅಲ್ಲಿ ದೊರೆಯಿತು. ‘ರೂಪಲೇಖಾ’, ‘ಚಾಲುಕ್ಯ ತೈಲಪ’ ಮೊದಲಾದ ಕಾದಂಬರಿಗಳನ್ನೂ ಕಲ್ಯಾಣದ ಈ ಆರು ಸಂಪುಟಗಳನ್ನೂ ಅವರು ರಚಿಸಿದ್ದು ಇಂಥ ಶಿಕ್ಷಣವನ್ನು ಪಡೆದ ಕೈಯಿಂದ.

ಇನ್ನೂ ಹಿಂದಕ್ಕೆ ಹೋದರೆ ಈ ಸೀಮೆಗೂ ಆ ಕಥೆಗೂ ಇರುವ ನಂಟು ಮತ್ತಷ್ಟು ಹಳೆಯದಾಗಿ ಕಾಣುತ್ತದೆ. ಕಲ್ಯಾಣವು ಚೆದರಿದ ಮೇಲೆ ಶರಣರ ಮಾತು ಎಲ್ಲಿ ಉಳಿಯಿತು? ಉಳಿದದ್ದು ಬಹುಮಟ್ಟಿಗೆ ದಕ್ಷಿಣದಲ್ಲಿ, ಅದರಲ್ಲಿಯೂ ನಮ್ಮೀ ಸುತ್ತಿನಲ್ಲಿ. ಕುಣಿಗಲ್ ತಾಲ್ಲೂಕಿನ ಕಗ್ಗೆರೆಯಲ್ಲಿ ತಪಸ್ಸು ಮಾಡಿ ಎಡೆಯೂರಿನಲ್ಲಿ ಗದ್ದುಗೆಯಾದ ತೋಂಟದ ಸಿದ್ಧಲಿಂಗಯತಿಗಳು 701 ವಚನಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ವನ್ನು ಹೇಳಿದವರು, ಬಸವಯುಗವು ಕಳೆದು ಮೂರು ಶತಮಾನಗಳಾದ ಮೇಲೆ ವಚನವೆಂಬ ಪ್ರಕಾರಕ್ಕೆ ಮತ್ತೆ ಉಸಿರು ತುಂಬಿದವರು. ಅಲ್ಲಮಪ್ರಭುವಿನ ಸುತ್ತ ಶರಣರೆಲ್ಲರನ್ನೂ ಕೂರಿಸಿ, ವಚನಗಳನ್ನೇ ಸಂವಾದವನ್ನಾಗಿ ಹೆಣೆದ ‘ಶೂನ್ಯಸಂಪಾದನೆ’ಯ ನಾಲ್ಕನೆಯ ಮತ್ತು ಕೊನೆಯ ಪರಿಷ್ಕರಣವನ್ನು ಮಾಡಿದ ಸಿದ್ಧವೀರಣ್ಣೊಡೆಯರು ಗೂಳೂರಿನವರು, ತುಮಕೂರಿನಿಂದ ಕುಣಿಗಲ್ಲಿನ ಹಾದಿ ಹಿಡಿದವರಿಗೆ ಮೊದಲು ಸಿಕ್ಕುವ, ಕಾರ್ತಿಕದ ಮಹಾಗಣಪತಿಯಿಂದ ಪ್ರಸಿದ್ಧವಾದ ಅದೇ ಗೂಳೂರು. ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ‘ಭಾವಚಿಂತಾರತ್ನ’ವನ್ನೂ 1530ರಲ್ಲಿ ‘ವೀರಶೈವಾಮೃತ ಮಹಾಪುರಾಣ’ವನ್ನೂ ಬರೆದನು. ಕಲ್ಯಾಣವೆಂಬ ಪಟ್ಟಣವು ಬೀದರದ ಸೀಮೆಯಲ್ಲಿದ್ದರೂ, ಕಲ್ಯಾಣವೆಂಬ ಕಥೆಯನ್ನು ಓಲೆಯಲ್ಲಿ ಕಾಪಾಡಿದ ಭಂಡಾರಗಳಲ್ಲಿ ತುಮಕೂರು ಕುಣಿಗಲ್ ಗುಬ್ಬಿಗಳ ನಡುವಿನ ಈ ನೆಲವೂ ಒಂದು. ಆದುದರಿಂದ, ಆ ಕಥೆಯನ್ನು ಆಧುನಿಕ ಗದ್ಯದಲ್ಲಿ ಅತ್ಯಂತ ವಿಸ್ತಾರವಾಗಿ ಹೇಳಿದ ಕೃತಿಗಳಲ್ಲೊಂದನ್ನು ಕಾಪಾಡುವ ಹೊಣೆಯನ್ನು ಈ ನೆಲದವರು ಹೊರಬೇಕೆಂದು ನಾನು ಹೇಳಿದರೆ ಅದು ಬಲವಂತದ ನಂಟಸ್ತಿಕೆಯಾಗಲಾರದು.

ಈಗ ಕೃತಿಯ ವಿಚಾರಕ್ಕೆ ಬರುತ್ತೇನೆ. ಬಸವಣ್ಣನವರ ಕಾಲವನ್ನು ಕಾದಂಬರಿಯಾಗಿ ಬರೆಯಹೊರಟವನ ಮುಂದೆ ಇರುವ ಕಷ್ಟವೇನೆಂಬುದನ್ನು ಮೊದಲು ನಾವು ಗ್ರಹಿಸಬೇಕು. ಬಿಜ್ಜಳನಿಗೆ ಶಾಸನಗಳುಂಟು. ಕಲಚುರಿ ವಂಶದ ಅವನು ಮಂಗಳವೇಢೆಯಲ್ಲಿ ಚಾಲುಕ್ಯರ ಮಹಾಮಂಡಲೇಶ್ವರನಾಗಿದ್ದು, ಮೂರನೆಯ ತೈಲಪನ ದೌರ್ಬಲ್ಯದ ಕಾಲದಲ್ಲಿ ಮೆಲ್ಲಮೆಲ್ಲಗೆ ಅಧಿಕಾರವನ್ನು ಕೈಗೆ ತೆಗೆದುಕೊಂಡು, 1162ರ ಹೊತ್ತಿಗೆ ಸಾರ್ವಭೌಮ ಬಿರುದುಗಳನ್ನು ಧರಿಸಿ, 1167–68ರ ಸುಮಾರಿಗೆ ಮಗ ಸೋವಿದೇವನಿಗೆ ರಾಜ್ಯವನ್ನು ಬಿಟ್ಟುಕೊಟ್ಟನೆಂಬ ಕಥೆಯನ್ನು ಕಲ್ಲುಗಳಿಂದ ಓದಿಕೊಳ್ಳಬಹುದು. ಬಸವಣ್ಣನವರಿಗಾದರೋ ಅವರ ಜೀವಿತಕಾಲದ ಕಲ್ಲಿನ ಸಾಕ್ಷ್ಯವೇ ಇಲ್ಲ. ಅವರ ವಂಶದ ಮಾತು ಬರುವ ಅರ್ಜುನವಾಡದ ಶಾಸನವು 1260ರದು, ಎಂದರೆ ಸುಮಾರು ಒಂದು ಶತಮಾನದ ಅನಂತರದ್ದು. ಅವರನ್ನು ನಾವು ಬಲ್ಲುದು ಅವರದೇ ವಚನಗಳಿಂದ, ಹರಿಹರನ ‘ಬಸವರಾಜದೇವರ ರಗಳೆ’ಯಿಂದ, ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯನ್ನನುಸರಿಸಿ ಭೀಮಕವಿಯು 1369ರಲ್ಲಿ ಬರೆದ ‘ಬಸವಪುರಾಣ’ದಿಂದ, ವಿರೂಪಾಕ್ಷ ಪಂಡಿತನ ‘ಚೆನ್ನಬಸವಪುರಾಣ’ದಿಂದ. ಅತ್ತ ರಾಜನಿಗೆ ಇಸವಿಯಿದೆ, ಮನಸ್ಸಿಲ್ಲ. ಇತ್ತ ಶರಣನಿಗೆ ಮನಸ್ಸಿದೆ, ಇಸವಿಯಿಲ್ಲ.

ಅಷ್ಟೇ ಆಗಿದ್ದರೆ ಕಷ್ಟ ಸಣ್ಣದು. ಇರುವ ಸಾಕ್ಷ್ಯಗಳು ಒಂದರೊಡನೊಂದು ಜಗಳವಾಡುತ್ತವೆ. ಶಾಸನಗಳ ಬಿಜ್ಜಳನು ಮಗನಿಗೆ ಪಟ್ಟ ಕಟ್ಟಿ ನಿವೃತ್ತನಾಗುತ್ತಾನೆ. ವೀರಶೈವ ಪುರಾಣಗಳ ಬಿಜ್ಜಳನು ಜಗದೇವ, ಮೊಲ್ಲೆಬೊಮ್ಮಯ್ಯಗಳ ಕೈಯಲ್ಲಿ ಕೊಲೆಯಾಗುತ್ತಾನೆ. ಜೈನ ಪರಂಪರೆಯ ‘ಬಿಜ್ಜಳರಾಯ ಚರಿತೆ’ಯಲ್ಲಿ ಅವನ ಸಾವಿಗೆ ವಿಷಪ್ರಯೋಗವು ಕಾರಣ. ಬಸವಣ್ಣನವರು ಭಂಡಾರದ ಹಣವನ್ನು ಜಂಗಮರಿಗೆ ಸುರಿದರೆಂದು ಕೊಂಡೆಯರು ದೂರಿದಾಗ, ಲೆಕ್ಕ ನೋಡಲು ಹೊನ್ನು ಒಂದಿಷ್ಟೂ ಕಡಮೆಯಾಗಿರಲಿಲ್ಲವೆಂಬುದನ್ನು ಪುರಾಣವು ಪವಾಡವಾಗಿ ಹೇಳುತ್ತದೆ. ಇಪ್ಪತ್ತನೆಯ ಶತಮಾನದ ಕಾದಂಬರಿಕಾರನಿಗೆ ಪವಾಡವನ್ನು ಹಾಗೆಯೇ ಇಡುವುದೂ ಕಷ್ಟ, ಕಿತ್ತೊಗೆಯುವುದೂ ಕಷ್ಟ. ಇಟ್ಟರೆ ಅದು ಪುರಾಣದ ಗದ್ಯಾನುವಾದವಾಗುತ್ತದೆ. ಕಿತ್ತರೆ, ಎಂಟುನೂರು ವರ್ಷ ಜನಮನದಲ್ಲಿ ನಿಂತ ಬಸವಣ್ಣನವರ ಬದಲು ಒಬ್ಬ ಪ್ರಾಮಾಣಿಕ ಖಜಾನೆ ಅಧಿಕಾರಿ ಉಳಿಯುತ್ತಾನೆ.

ಹಾಗಿರಲು ಇಂಥ ಕಾದಂಬರಿಯನ್ನು ಬರೆಯುವ ಧೈರ್ಯವೇ ಹಿಂದಿನ ತಲೆಮಾರಿಗೆ ಬರುವಂತಿರಲಿಲ್ಲ. ಗಳಗನಾಥರು ಚಾರಿತ್ರಿಕ ಕಾದಂಬರಿಯ ಹುಚ್ಚು ಹಿಡಿಸಿದ ದಿನಗಳಲ್ಲಿ ವಚನಗಳು ಇನ್ನೂ ಮಠಗಳ ಓಲೆಕಟ್ಟುಗಳಲ್ಲಿದ್ದುವು. ಫ. ಗು. ಹಳಕಟ್ಟಿಯವರು ವಕೀಲಿಯ ಸಂಪಾದನೆಯನ್ನೆಲ್ಲ ಸುರಿದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದ ಮೇಲೆ, ‘ಶಿವಾನುಭವ’ ಪತ್ರಿಕೆಯ ಮೂಲಕ ಶರಣರ ಚರಿತ್ರೆಯನ್ನು ಸಾಮಾನ್ಯ ಓದುಗರ ಕೈಗಿತ್ತ ಮೇಲೆ, ಶಾಸನತಜ್ಞರು ಕಲಚುರಿಗಳ ವಂಶಾವಳಿಯನ್ನು ಸರಿಪಡಿಸಿದ ಮೇಲೆ, ಕಲ್ಲನ್ನೂ ಓಲೆಯನ್ನೂ ಒಂದೇ ಮೇಜಿನ ಮೇಲೆ ಹರಡಿಕೊಂಡು ಕೂರುವುದು ಮೊದಲ ಬಾರಿಗೆ ಸಾಧ್ಯವಾಯಿತು. ಪುಟ್ಟಸ್ವಾಮಯ್ಯನವರು ಆ ಮೇಜಿನ ಮುಂದೆ ಕುಳಿತವರಲ್ಲಿ ಮೊದಲಿಗರ ಸಾಲಿನವರು.

ಅವರು ಹಿಡಿದ ದಾರಿ ಯಾವುದೆಂಬುದನ್ನು ಸಂಪುಟಗಳ ಹೆಸರುಗಳೇ ಸೂಚಿಸುತ್ತವೆ. ‘ರಾಜ್ಯಪಾಲ’, ‘ಕಲ್ಯಾಣೇಶ್ವರ’ ಇವು ಅಧಿಕಾರದ ಮೆಟ್ಟಿಲುಗಳ ಹೆಸರುಗಳು. ಬಸವಣ್ಣನವರ ಜೀವನಚರಿತ್ರೆಯೊಂದನ್ನೇ ಬರೆಯಹೊರಟವನು ಈ ಮೆಟ್ಟಿಲುಗಳನ್ನು ಒಂದು ಅಧ್ಯಾಯದಲ್ಲಿ ದಾಟಿಬಿಡುತ್ತಿದ್ದನು. ಪುಟ್ಟಸ್ವಾಮಯ್ಯನವರು ದಾಟಲಿಲ್ಲ. ಮಂಡಲೇಶ್ವರನೊಬ್ಬ ಒಡೆಯನ ಹೆಸರಿನಲ್ಲಿ ಆಳುತ್ತ ಆಳುತ್ತ ಒಡೆಯನೇ ಆಗುವುದು ಹೇಗೆ, ಹಾಗೆ ಆದವನಿಗೆ ಹಳೆಯ ಸಾಮಂತರ ಭಯವೂ ಹೊಸ ಜನಬಲದ ಅಗತ್ಯವೂ ಹೇಗೆ ಒಟ್ಟಿಗೆ ಬರುತ್ತವೆ, ಅಂಥ ಅರಸನಿಗೆ ಜನರು ಪ್ರೀತಿಸುವ ಮಂತ್ರಿಯೊಬ್ಬ ಏಕೆ ಬೇಕಾಗುತ್ತಾನೆ ಮತ್ತು ಅದೇ ಕಾರಣಕ್ಕಾಗಿ ಏಕೆ ಬೇಡವಾಗುತ್ತಾನೆ, ಎಂಬುದನ್ನು ತೋರಿಸದೆ ಕಲ್ಯಾಣದ ದುರಂತವು ಅರ್ಥವಾಗದೆಂಬುದನ್ನು ಅವರು ಕಂಡುಕೊಂಡಿದ್ದರು. ಪುರಾಣಕಾರನಿಗೆ ಬಿಜ್ಜಳನು ಶಿವದ್ರೋಹಿ. ಆ ಒಂದು ಮಾತಿನಲ್ಲಿ ಅವನ ವಿಚಾರಣೆ ಮುಗಿಯುತ್ತದೆ. ರಾಜಕಾರಣವನ್ನು ಹರಡಿ ತೋರಿಸುವ ಕಾದಂಬರಿಯಲ್ಲಿ ಅವನಿಗೂ ಅವನ ಪಕ್ಷವನ್ನು ವಾದಿಸಲು ಸ್ಥಳ ಸಿಕ್ಕುತ್ತದೆ. ನನ್ನ ಮಟ್ಟಿಗೆ ಈ ಮಾಲೆಯ ಮೊದಲ ಹಿರಿಮೆ ಇದೇ.

ಎರಡನೆಯದು ಅದರ ಕಾಲಮಾನ. ಇಲ್ಲಿ ತಮಗೆ ಒಂದು ವಿಚಾರವನ್ನು ನೆನಪಿಸುತ್ತೇನೆ. ಇದೇ ವಸ್ತುವನ್ನು ಆಮೇಲೆ ಕನ್ನಡದ ಮೂವರು ಪ್ರತಿಭಾವಂತರು ನಾಟಕವಾಗಿ ಬರೆದರು: 1971ರಲ್ಲಿ ಪಿ. ಲಂಕೇಶರ ‘ಸಂಕ್ರಾಂತಿ’, 1986ರಲ್ಲಿ ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’, 1990ರಲ್ಲಿ ಗಿರೀಶ ಕಾರ್ನಾಡರ ‘ತಲೆದಂಡ’. ‘ತಲೆದಂಡ’ಕ್ಕೆ 1994ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂದಿತು, ಒಂದೇ ಕಲ್ಯಾಣಕ್ಕೆ ಮೂವತ್ತು ವರ್ಷಗಳ ಅಂತರದಲ್ಲಿ ಎರಡು ಸಲ ಸಂದ ಮನ್ನಣೆಯದು. ಮೂರು ನಾಟಕಗಳೂ ಶ್ರೇಷ್ಠವಾದುವೇ; ನಾನು ಅವುಗಳ ಅಭಿಮಾನಿ. ಆದರೆ ಮೂರೂ ಕಥೆಯನ್ನು ಅದರ ಕೊನೆಯ ಬಿಕ್ಕಟ್ಟಿನ ಹತ್ತಿರದಲ್ಲಿ ಹಿಡಿಯುತ್ತವೆ. ಹಾಗೆ ಹಿಡಿಯುವುದು ನಾಟಕದ ಧರ್ಮ. ಪರದೆ ಏಳುವ ಹೊತ್ತಿಗೆ ಕಲ್ಯಾಣವಾಗಲೇ ಬಿಸಿಯೇರಿದೆ; ‘ತಲೆದಂಡ’ದಲ್ಲಂತೂ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯ ಮಾತು ಹತ್ತಿರದಲ್ಲಿದೆ; ಆ ಮದುವೆ, ಆ ಶಿಕ್ಷೆ, ಆ ರಕ್ತಪಾತ ಇವು ಎರಡೂವರೆ ಗಂಟೆಯಲ್ಲಿ ಮುಗಿಯಬೇಕು.

ಆ ಬಿಸಿ ಏರುವುದಕ್ಕೆ ಎಷ್ಟು ವರ್ಷ ಬೇಕಾಯಿತು? ಸಮಗಾರನ ಮಗನಿಗೂ ಬ್ರಾಹ್ಮಣನ ಮಗಳಿಗೂ ಮದುವೆಯಾಗಬಹುದೆಂಬ ಯೋಚನೆಯು ಆ ಎರಡು ಮನೆಗಳಲ್ಲಿ ಹುಟ್ಟಬೇಕಾದರೆ ಅದಕ್ಕೆ ಮೊದಲು ಎಷ್ಟು ಸಲ ಆ ಮನೆಗಳವರು ಒಂದೇ ಚಾಪೆಯಲ್ಲಿ ಕುಳಿತಿರಬೇಕು, ಒಂದೇ ಪಂಕ್ತಿಯಲ್ಲಿ ಉಂಡಿರಬೇಕು, ಎಷ್ಟು ಸಲ ಅಂಥ ಪಂಕ್ತಿಯಿಂದ ಎದ್ದುಹೋದ ನೆಂಟರನ್ನು ಕಂಡು ಒಳಗೊಳಗೆ ನೊಂದಿರಬೇಕು? ನಾಟಕವು ಈ ನಿಧಾನವನ್ನು ಸೂಚಿಸಬಲ್ಲುದು, ಅನುಭವಿಸುವಂತೆ ಮಾಡಲಾರದು. ಆರು ಸಂಪುಟಗಳ ಕಾದಂಬರಿಗೆ ಮಾತ್ರ ಆ ವ್ಯವಧಾನವುಂಟು. ಓದುಗನು ಮೊದಲ ಸಂಪುಟದಿಂದ ತೊಡಗಿ ಕೊನೆಯದಕ್ಕೆ ಬರುವಾಗ ಅವನ ಜೀವನದಲ್ಲಿಯೂ ಕೆಲವು ವಾರಗಳು ಕಳೆದಿರುತ್ತವೆ. ಪಾತ್ರಗಳು ಅವನ ಪರಿಚಿತರಾಗಿರುತ್ತಾರೆ. ಆಗ ಬೀಳುವ ದಂಡನೆಯು ಕೇವಲ ಒಂದು ಘಟನೆಯಾಗಿ ಬೀಳುವುದಿಲ್ಲ. ಮೂರು ನಾಟಕಗಳನ್ನು ಓದಿದ ವಿದ್ಯಾರ್ಥಿಗೆ ಕಲ್ಯಾಣವು ಏಕೆ ಒಡೆಯಿತೆಂಬುದು ಗೊತ್ತಾಗುತ್ತದೆ. ಅದು ಅಷ್ಟು ದಿನ ಒಡೆಯದೆ ಹೇಗೆ ಇತ್ತೆಂಬುದನ್ನು ತಿಳಿಯಬೇಕಾದರೆ ಪುಟ್ಟಸ್ವಾಮಯ್ಯನವರ ಬಳಿಗೇ ಹೋಗಬೇಕು. ಈ ಉಪನ್ಯಾಸದಲ್ಲಿ ನಾನು ಹೇಳಬೇಕಾದ ಮುಖ್ಯವಾದ ಮಾತು ಇಷ್ಟೆ.

ದೋಷಗಳಿಲ್ಲವೆ? ಇವೆ, ಧಾರಾಳವಾಗಿ ಇವೆ. ಕಂಪನಿ ನಾಟಕದ ಅಭ್ಯಾಸವು ಅವರಿಗೆ ವರವೂ ಆಯಿತು, ಶಾಪವೂ ಆಯಿತು. ಸಂಭಾಷಣೆಯನ್ನು ನಡೆಸುವುದರಲ್ಲಿ ಅವರ ಕೈ ಎಂದೂ ತಪ್ಪುವುದಿಲ್ಲ: ಆಸ್ಥಾನದಲ್ಲಿ ಇಬ್ಬರು ಎದುರೆದುರು ನಿಂತು ಮಾತಿಗೆ ಮಾತು ಕೊಡುವಲ್ಲಿ ಪುಟಗಳು ತಾವಾಗಿಯೇ ತಿರುಗುತ್ತವೆ. ಆದರೆ ಅದೇ ಅಭ್ಯಾಸದಿಂದ, ಪ್ರೇಕ್ಷಕನು ಆಕಳಿಸುವ ಮುನ್ನ ಏನಾದರೊಂದು ಆಗಲೇಬೇಕೆಂಬ ಆತುರವೂ ಅಂಟಿಕೊಂಡಿತು. ಒಳಸಂಚಿನ ಪ್ರಕರಣಗಳು ಅಗತ್ಯಕ್ಕಿಂತ ಹೆಚ್ಚು. ಆಕಸ್ಮಿಕದ ನೆರವು ಕೆಲವೆಡೆ ಅತಿಯಾಗಿದೆ. ಸಜ್ಜನರೆಲ್ಲರೂ ಒಂದೇ ಬಗೆಯ ಪ್ರೌಢಗದ್ಯವನ್ನಾಡುತ್ತಾರೆ. ವಚನಕಾರರ ಮಾತು ಎಷ್ಟು ಗಿಡ್ಡ, ಎಷ್ಟು ಹರಿತವೆಂಬುದನ್ನು ಬಲ್ಲ ಓದುಗನಿಗೆ, ಅದೇ ಶರಣರು ಕಾದಂಬರಿಯಲ್ಲಿ ನೀಳವಾದ ವಾಕ್ಯಗಳನ್ನು ನುಡಿಯುವಾಗ ಸ್ವಲ್ಪ ಮುಜುಗರವಾಗುವುದು ಸಹಜ. (ನೀಳವಾದ ವಾಕ್ಯಗಳನ್ನು ಕುರಿತು ದೂರುವ ಅಧಿಕಾರ ಈ ಉಪನ್ಯಾಸಕನಿಗೆ ಇದೆಯೆ ಎಂದು ತಾವು ನಗುತ್ತಿರಬಹುದು.) ಈ ದೋಷಗಳನ್ನು ಮುಚ್ಚಿಟ್ಟು ಪುಸ್ತಕವನ್ನು ಹೊಗಳುವುದರಿಂದ ಅದಕ್ಕೆ ಉಪಕಾರವಾಗದು, ಹೊಗಳಿಕೆಯನ್ನು ನಂಬಿ ಪುಸ್ತಕವನ್ನು ತೆರೆದ ತರುಣನು ಮೂರನೆಯ ಅಧ್ಯಾಯದಲ್ಲಿಯೇ ಮುಚ್ಚಿಬಿಡುತ್ತಾನೆ.

ಮರೆವು ಹೇಗೆ ಬಂದಿತೆಂಬುದನ್ನೂ ವಿಚಾರಿಸೋಣ. ಪ್ರಶಸ್ತಿ ಬಂದದ್ದು 1964ರಲ್ಲಿ. ಮರುವರ್ಷವೇ, 1965ರಲ್ಲಿ, ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವೂ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ವೂ ಹೊರಬಂದುವು. ಒಂದೇ ಸಂಜೆಯಲ್ಲಿ ಓದಿ ಮುಗಿಸಬಹುದಾದ, ಮುಗಿಸಿದ ಮೇಲೆ ರಾತ್ರಿ ನಿದ್ರೆಗೆಡಿಸುವ ‘ಸಂಸ್ಕಾರ’ದ ಬಿಗಿಯಾದ ಬಂಧವು ಕಾದಂಬರಿಯೆಂದರೇನೆಂಬ ಅಳತೆಗೋಲನ್ನೇ ಬದಲಾಯಿಸಿತು. ಆ ಕೋಲಿನಿಂದ ಅಳೆದಾಗ ಆರು ಸಂಪುಟಗಳ ಚಾರಿತ್ರಿಕ ಕಾದಂಬರಿಯು ಉಬ್ಬಿದ ಶರೀರದಂತೆ ಕಂಡಿತು. ವಿಮರ್ಶಕರು ಬೈಯಲೂ ಇಲ್ಲ. ಬೈದಿದ್ದರೆ ಯಾರಾದರೂ ಕುತೂಹಲದಿಂದ ಓದುತ್ತಿದ್ದರೋ ಏನೋ! ಚಾರಿತ್ರಿಕ ಕಾದಂಬರಿಯೆಂಬ ಪ್ರಕಾರದಲ್ಲಿ ದುರ್ಗದ ನಾಯಕರನ್ನು ಬರೆದ ತ. ರಾ. ಸು. ಅವರಿಗೆ ಒಂದಿಡೀ ಜಿಲ್ಲೆಯ ಅಭಿಮಾನ ಬೆನ್ನಿಗೆ ನಿಂತಿತು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ಕ್ಕೆ ಮಾಸ್ತಿಯವರ ಹೆಸರೇ ಸಾಕಾಯಿತು. ಪುಟ್ಟಸ್ವಾಮಯ್ಯನವರಿಗೆ ಹಾಗೆ ತಮ್ಮವರೆನ್ನುವ ಊರೂ ಇರಲಿಲ್ಲ, ಶಿಷ್ಯಮಂಡಲಿಯೂ ಇರಲಿಲ್ಲ. ರಂಗಭೂಮಿಯವರು ಅವರನ್ನು ಕಾದಂಬರಿಕಾರರೆಂದು ಬಿಟ್ಟರು. ಸಾಹಿತಿಗಳು ಕಂಪನಿ ನಾಟಕದವರೆಂದು ಬಿಟ್ಟರು.

ಇನ್ನೊಂದು ಕಾರಣವು ಬಹಳ ಸಾಮಾನ್ಯವಾದುದು, ಆದರೆ ಪುಸ್ತಕಗಳ ಆಯುಷ್ಯವನ್ನು ನಿರ್ಣಯಿಸುವುದರಲ್ಲಿ ವಿಮರ್ಶೆಗಿಂತ ಬಲವಾದುದು. ಒಂದೇ ಸಂಪುಟದ ಕಾದಂಬರಿಯು ಗ್ರಂಥಾಲಯದಲ್ಲಿ ಕಳೆದುಹೋದರೆ ಕಳೆದುಹೋಯಿತೆಂದು ಗೊತ್ತಾಗುತ್ತದೆ. ಆರರಲ್ಲಿ ಒಂದು ಕಳೆದರೆ ಉಳಿದ ಐದೂ ಕಪಾಟಿನಲ್ಲಿ ಇದ್ದಂತೆಯೇ ಇದ್ದು ನಿಷ್ಪ್ರಯೋಜಕವಾಗುತ್ತವೆ. ‘ರಾಜ್ಯಪಾಲ’ವನ್ನು ಓದಿದವನಿಗೆ ‘ಕಲ್ಯಾಣೇಶ್ವರ’ ಸಿಕ್ಕದೆ, ‘ನಾಗಬಂಧ’ ಸಿಕ್ಕಿದವನಿಗೆ ಅದಕ್ಕೆ ಹಿಂದಿನದು ಯಾವುದೆಂದೇ ತಿಳಿಯದೆ, ಒಬ್ಬೊಬ್ಬರೂ ಒಂದೊಂದು ತುಂಡನ್ನು ಓದಿ ಬಿಟ್ಟುಬಿಟ್ಟರು. ಪ್ರತಿಯೊಂದು ಸಂಪುಟಕ್ಕೂ ಬೇರೆಬೇರೆ ಹೆಸರಿಟ್ಟದ್ದು ಅಂಗಡಿಯಲ್ಲಿ ಮಾರಾಟಕ್ಕೆ ಅನುಕೂಲವಾಗಿದ್ದಿರಬಹುದು. ಗ್ರಂಥಪಾಲಕನಿಗೆ ಮಾತ್ರ ಅವು ಒಂದೇ ಕೃತಿಯ ಅಂಗಗಳೆಂಬುದನ್ನು ಮರೆಸಿತು. ಅಕಾರಾದಿಯಲ್ಲಿ ಜೋಡಿಸಿದರೆ ಈ ಆರು ಪುಸ್ತಕಗಳು ಆರು ಕಡೆ ನಿಲ್ಲುತ್ತವೆ. ‘ಉದಯರವಿ’ಯ ಪಕ್ಕದಲ್ಲಿ ಅ. ನ. ಕೃ. ಅವರ ‘ಉದಯರಾಗ’ವೂ ಬಂದು ನಿಂತುಬಿಡುತ್ತದೆ.

ಹಾಗಾದರೆ ಮಾಡಬೇಕಾದುದೇನು? ಶತಮಾನೋತ್ಸವ, ಪುತ್ಥಳಿ, ರಸ್ತೆಗೆ ನಾಮಕರಣ ಇವುಗಳಲ್ಲಿ ನನಗೆ ಉತ್ಸಾಹ ಕಡಮೆ. ಆರನ್ನೂ ಒಟ್ಟಿಗೆ, ಒಂದೇ ಹೆಸರಿನಡಿಯಲ್ಲಿ, ಕ್ರಮಸಂಖ್ಯೆ ಹಾಕಿ, ಒಂದೇ ಅಳತೆಯ ರಟ್ಟಿನಲ್ಲಿ ಮತ್ತೆ ಅಚ್ಚು ಮಾಡಿಸಿ ಬಿಡಿಬಿಡಿಯಾಗಿ ಮಾರದಂತೆ ನೋಡಿಕೊಳ್ಳುವುದು ಮೊದಲಿನ ಕೆಲಸ. ಆ ಮುದ್ರಣಕ್ಕೆ ಪಾತ್ರಗಳ ಪಟ್ಟಿಯೊಂದು ಬೇಕು, ಕಲ್ಯಾಣ, ಮಂಗಳವೇಢೆ, ಕೂಡಲಸಂಗಮ, ಬಾಗೇವಾಡಿಗಳ ನಕ್ಷೆಯೊಂದು ಬೇಕು, ಹಾಗೂ ಎಲ್ಲಕ್ಕಿಂತ ಮುಖ್ಯವಾಗಿ, ಕಾದಂಬರಿಕಾರರು ಎಲ್ಲಿ ಶಾಸನವನ್ನನುಸರಿಸಿದ್ದಾರೆ, ಎಲ್ಲಿ ಪುರಾಣವನ್ನು, ಎಲ್ಲಿ ಎರಡನ್ನೂ ಬಿಟ್ಟು ತಮ್ಮ ಕಲ್ಪನೆಯನ್ನು ಎಂಬುದನ್ನು ಅಧ್ಯಾಯವಾರು ತಿಳಿಸುವ ಟಿಪ್ಪಣಿ ಬೇಕು. ಅಂಥ ಟಿಪ್ಪಣಿಯನ್ನು ಬರೆಯಬಲ್ಲ ತರುಣರು ನಮ್ಮ ತುಮಕೂರು ವಿಶ್ವವಿದ್ಯಾನಿಲಯದಲ್ಲಿಯೇ ಇದ್ದಾರೆ. 2004ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಕನ್ನಡ ವಿಭಾಗದವರು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ‘ಸಂಕ್ರಾಂತಿ’, ‘ತಲೆದಂಡ’ಗಳ ಜೊತೆಗೆ ಈ ಮಾಲೆಯ ಒಂದು ಸಂಪುಟವನ್ನು ತೌಲನಿಕವಾಗಿ ಓದಿಸಿದರೆ, ಒಂದು ವಸ್ತುವು ಮೂವತ್ತು ವರ್ಷಗಳಲ್ಲಿ ಹೇಗೆ ಪ್ರಕಾರವನ್ನೂ ಧೋರಣೆಯನ್ನೂ ಬದಲಿಸಿಕೊಂಡಿತೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಸಿಕ್ಕಲಾರದು. ‘ಕ್ರಾಂತಿ ಕಲ್ಯಾಣ’ವನ್ನು ಪಠ್ಯಕ್ಕೆ ಇಡಬೇಕೆಂದರೆ ಹಿಂದಿನ ಐದನ್ನು ಓದದೆ ಅದು ಹಿಡಿಸೀತೆ ಎಂಬ ಆಕ್ಷೇಪ ಬರಬಹುದು, ಹಿಡಿಸಿದವರು ತಾವಾಗಿಯೇ ಹಿಂದಕ್ಕೆ ಹೋಗಿ ಓದುತ್ತಾರೆಂಬುದು ನನ್ನ ನಂಬಿಕೆ.

ಓದಿಸುವ ಮತ್ತೊಂದು ಪದ್ಧತಿಯೂ ಈ ನಾಡಿನಲ್ಲಿ ಇನ್ನೂ ಅಳಿದಿಲ್ಲ. ಶ್ರಾವಣದಲ್ಲಿ ಮಠಗಳಲ್ಲಿಯೂ ಊರ ಗುಡಿಗಳಲ್ಲಿಯೂ ಪುರಾಣ ಪ್ರವಚನ ನಡೆಯುತ್ತದೆ. ಒಬ್ಬರು ಓದುವುದು, ಒಬ್ಬರು ಅರ್ಥ ಹೇಳುವುದು, ತಿಂಗಳುದ್ದಕ್ಕೂ ಜನ ಬಂದು ಕೇಳುವುದು. ‘ಬಸವಪುರಾಣ’ವನ್ನು ಹಾಗೆ ಕೇಳಿದ ಕಿವಿಗಳಿಗೆ ಈ ಕಾದಂಬರಿಯ ಒಂದೊಂದು ಅಧ್ಯಾಯವನ್ನು ಓದಿ ಹೇಳಿದರೆ ಏನಾಗುತ್ತದೆಂದು ನೋಡುವ ಆಸೆ ನನಗುಂಟು. ಹಿಂದಿನ ಸಾಲಿನ ನಾಲ್ಕಾಣೆಯ ಪ್ರೇಕ್ಷಕನಿಗೆ ಕೇಳುವಂತೆ ಬರೆಯಲು ಕಲಿತ ಲೇಖಕರ ಗದ್ಯವದು; ಗಟ್ಟಿಯಾಗಿ ಓದಿದಾಗ ಅದರ ಅತಿಯೆಂದು ತೋರುವ ಭಾಗಗಳೂ ಸೊಗಸಾಗಿಬಿಡಬಹುದು. ಗುಬ್ಬಿಯ ಹವ್ಯಾಸಿ ಕಲಾವಿದರಾದರೂ ಒಂದು ಜಾತ್ರೆಯ ಕಾಲದಲ್ಲಿ ಇದನ್ನು ಪ್ರಯತ್ನಿಸಿ ನೋಡಬೇಕೆಂದು ಬೇಡಿಕೊಳ್ಳುತ್ತೇನೆ.

ಮರುಮುದ್ರಣಕ್ಕೆ ಕೈಹಾಕುವವರಿಗೆ ಮೊದಲು ಬೇಕಾಗುವುದು ಹಳೆಯ ಪ್ರತಿಗಳು. ಒಂದು ಮುದ್ರಣದಲ್ಲಿ ಜಾರಿದ ಅಚ್ಚಿನ ಮೊಳೆಯು ಇನ್ನೊಂದರಲ್ಲಿ ಸರಿಯಾಗಿರಬಹುದು, ಒಂದರಲ್ಲಿ ಇಲ್ಲದ ಲೇಖಕರ ಮುನ್ನುಡಿ ಇನ್ನೊಂದರಲ್ಲಿರಬಹುದು. ಹಳೆಯ ವಾಚನಾಲಯಗಳು ಮುಚ್ಚಿದಾಗ ಅವುಗಳ ಪುಸ್ತಕಗಳು ಹಂಚಿಹೋದದ್ದು ಇದೇ ಊರುಗಳ ಮನೆಗಳಿಗೆ. ತುಮಕೂರಿನಲ್ಲಾಗಲಿ, ಗುಬ್ಬಿ ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಾಗಲಿ ಯಾರ ಅಟ್ಟದ ಮೇಲಾದರೂ ಈ ಆರರಲ್ಲಿ ಒಂದು ಸಂಪುಟವಿದ್ದರೆ, ಅದರ ರಟ್ಟು ಹೋಗಿದ್ದರೂ ಅಡ್ಡಿಯಿಲ್ಲ, ಅಂಚನ್ನು ಹುಳು ತಿಂದಿದ್ದರೂ ಅಡ್ಡಿಯಿಲ್ಲ. ಮುದ್ರಣದ ವರ್ಷವಿರುವ ಪುಟ ಉಳಿದಿದೆಯೆ ಎಂಬುದನ್ನಷ್ಟು ನೋಡಿ, ದಯವಿಟ್ಟು ಈ ಸಭೆಯ ಕಾರ್ಯದರ್ಶಿಗಳಿಗೆ ತಿಳಿಸಬೇಕು. ಪ್ರತಿಯನ್ನು ಬಿಟ್ಟುಕೊಡಬೇಕಾಗಿಲ್ಲ, ನಕಲು ತೆಗೆದುಕೊಂಡು ಹಿಂದಿರುಗಿಸುವ ಏರ್ಪಾಡನ್ನು ಮಾಡೋಣ.